ತವರಿನ ಹೆಸರಿನ ಸಹಿ

ಗಜೇಂದ್ರಗಡದ ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದವಳು ಕಂಪ್ಯೂಟರ್ ಕೆಲಸದವಳು. ಏನು ಕೆಟ್ಟರೂ ಓಡಣಿಯನ್ನು ಸೊಂಟಕ್ಕೆ ಬಿಗಿದು, "ಬೈಬ್ಯಾಡ್ರಿ, ಅದು ಏನ್ ಹೇಳತೈತಿ ಮೊದ್ಲ ಓದೂಣು" ಅನ್ನುತ್ತಿದ್ದಳು. ನನ್ನ ಮಿಕ್ಸರಿಗೂ ಅದೇ ಮಾತು.

ದವಾಖಾನೆಗಳಲ್ಲಿ ಔಷಧದ ಚೀಟಿ ಬರೆಯುವ ಪ್ರೋಗ್ರಾಮ್ ಅವಳದು. ತಪ್ಪು ತಿದ್ದಿದ ಹೊಸ ಪ್ರೋಗ್ರಾಮಿಗೆ ಅವಳು ಮೊದಲೇ ಮಾಡಿಟ್ಟ ಸಹಿ ಹಾಕಿ ಕಂಪ್ಯೂಟರೇ ಕಳಿಸುತ್ತಿತ್ತು. ಒಂದು ದಿನ ಅದು ಸಹಿ ಹಾಕಲೊಲ್ಲದು. ಸಂಜೆಯೊಳಗೆ ಹೋಗದಿದ್ದರೆ ನಾಳೆಯೂ ರೋಗಿಗಳಿಗೆ ತಪ್ಪು ಚೀಟಿ. ಊಟ ಬಿಟ್ಟು ಕೂತಿದ್ದಳು. ನಾನು ರೊಟ್ಟಿ ಒಯ್ದೆ.

"ಏನಂತೈತಿ ನಿನ್ನ ಡಬ್ಬಿ?"

"ಈ ಹೆಸರಿನಾಕಿ ಸಹಿ ನನ್ನ ಕಡೆ ಇಲ್ಲ ಅಂತೈತ್ರಿ ಅಮ್ಮಾರ. ಹೆಸರು ನಂದ ಐತಿ."

"ಯಾವ ಹೆಸರು? ಮದುವ್ಯಾಗ ಅಕ್ಕಿ ಮ್ಯಾಲ ಬರದದ್ದೋ, ಹೆತ್ತವ್ವ ಇಟ್ಟದ್ದೋ?"

ಹಣೆ ಬಡಿದುಕೊಂಡು ನಕ್ಕಳು. ಸಹಿ ಮಾಡಿಟ್ಟದ್ದು ಮದುವೆಗೆ ಮುಂಚೆ, ತವರಿನ ಹೆಸರಲ್ಲಿ. ಹೋದ ವಾರವಷ್ಟೇ ಕಂಪ್ಯೂಟರಿನಲ್ಲಿ ಗಂಡನ ಮನೆಯವರಿಟ್ಟ ಹೆಸರು ಬರೆದಿದ್ದಳು. ಮತ್ತೆ ಹಳೆಯದನ್ನೇ ಬರೆದಳು, ಸಹಿ ಬಿತ್ತು, ಚೀಟಿಯ ಪ್ರೋಗ್ರಾಮ್ ದವಾಖಾನೆಗಳಿಗೆ ಹೋಯಿತು.

"ನಿಮಗ ಹ್ಯಾಂಗ ಗೊತ್ತಾತ್ರಿ?"

"ಬ್ಯಾಂಕಿನ್ಯಾಗ ನನ್ನೂ ಹಿಂಗ ಹೊಳ್ಳಿ ಕಳಿಸಿದ್ರು."

"ನಿಮ್ಮ ತವರಿನ ಹೆಸರು ಏನ್ರಿ?"

"ಕಾಶವ್ವ."

ಮರುದಿನ ಮಾಳಿಗೆಯಿಂದ, "ಕಾಶವ್ವಾರ, ಚಹಾ ಆಗೇತ್ರಿ" ಎಂದು ಕೂಗಿದಳು. ಯಾರು ಬಂದರಪ್ಪ ಎಂದು ನಾನು ಬಾಗಿಲಿಗೆ ಹೋಗಿ ಓಣಿಯೆಲ್ಲ ನೋಡಿದೆ. ಮೂರನೆಯ ಕೂಗಿಗೆ ಓಗೊಟ್ಟೆ.