ಮೊಟ್ಟೆ ಟ್ರೇಯ ಸ್ಕ್ರೂಗಳು

ಸಿಂಗಾಪುರದ ಟ್ಯಾಂಪಿನೀಸ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಉಡುಪಿಯ ಅಂಕಲ್ ಬಳಿ ಒಂದು ಹಳೆಯ ಅಮೆರಿಕನ್ ಕಾರಿತ್ತು. ಕಾರ್‌ಪಾರ್ಕಿನಲ್ಲಿ ರಿಪೇರಿ ಮಾಡುವಂತಿಲ್ಲವೆಂದು ಕಾರ್ಬುರೇಟರನ್ನು ಅಡುಗೆಮನೆಗೇ ತಂದು ಬಿಚ್ಚುತ್ತಿದ್ದರು. ಒಂದೊಂದು ಸ್ಕ್ರೂವನ್ನೂ ಲುಂಗಿಯ ತುದಿಯಲ್ಲಿ ಒರೆಸಿ, ಬಿಚ್ಚಿದ ಕ್ರಮದಲ್ಲೇ ಮೊಟ್ಟೆಯ ಟ್ರೇಯಲ್ಲಿಡುತ್ತಿದ್ದರು. "ಅವಸರ ಎಂತಕ್ಕೆ ಮಾರಾಯ?" ಎನ್ನುವುದು ಅವರ ಮಾತು.

ಸಹಾಯಕ್ಕೆ ಹೋಗುತ್ತಿದ್ದ ನಾನು ಒನ್-ನಾರ್ತ್ ಟೆಕ್ ಪಾರ್ಕ್‌ನಲ್ಲಿ ಡೇಟಾ ಜೋಡಿಸುವ ಇಂಜಿನಿಯರ್. ಒಂದು ಭಾನುವಾರ ಅವರು ಫೋನ್ ಬಂತೆಂದು ಎದ್ದು ಹೋದಾಗ ನನ್ನ ಕೈ ಸುಮ್ಮನಿರಲಿಲ್ಲ.

"ಅಂಕಲ್, ಎಲ್ಲಾ ಸ್ಕ್ರೂನೂ ಸೈಜ್ ಪ್ರಕಾರ ಸಾರ್ಟ್ ಮಾಡಿಟ್ಟಿದೀನಿ!" ಎಂದೆ, ಶಹಬ್ಬಾಸ್‌ಗೆ ಕಾಯುತ್ತಾ.

ಅವರು ಟ್ರೇಯನ್ನು ನೋಡಿದರು, ನನ್ನನ್ನು ನೋಡಿದರು, ಒರೆಸಲು ಏನೂ ಇಲ್ಲದಿದ್ದರೂ ಲುಂಗಿಗೆ ಕೈ ಒರೆಸಿಕೊಂಡರು. "ಚೆಂದ ಉಂಟು. ಇರಲಿ, ಅವಸರ ಎಂತಕ್ಕೆ ಮಾರಾಯ?"

ಯಾವ ಸ್ಕ್ರೂ ಎಲ್ಲಿಯದೆಂದು ಪತ್ತೆಹಚ್ಚಲು ಅವರಿಗೆ ಮೂರು ವಾರ ಬೇಕಾಯಿತು. ಅಷ್ಟೂ ದಿನ ನನಗೆ ಟಾರ್ಚ್ ಹಿಡಿಯುವ ಕೆಲಸ ಮಾತ್ರ.

ಕೊನೆಗೊಂದು ಮಧ್ಯಾಹ್ನ ಕಾರು ಗುಡುಗಿದಾಗ ಅಕ್ಕಪಕ್ಕದವರೆಲ್ಲ ಸೇರಿದರು. ಯಾರು ಸರಿಮಾಡಿದ್ದೆಂದು ಯಾರೋ ಕೇಳಿದರು. ಅಂಕಲ್ ನನ್ನ ಹೆಗಲ ಮೇಲೆ ಕೈಯಿಟ್ಟು, "ನಾವಿಬ್ರೂ ಸೇರಿ" ಎಂದರು.

ನಾನು ಇಲ್ಲವೆನ್ನಲಿಲ್ಲ. ಟಾರ್ಚನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗಂಭೀರವಾಗಿ ತಲೆಯಾಡಿಸಿದೆ.