ಪತ್ರಾಸ್ ಮನೆಯಲ್ಲಿ ನಿಲ್ಲದ ಬೆಕ್ಕು

ಇಂಡಿಗೆ ಬಂದ ಮರುದಿನ ಮಧ್ಯಾಹ್ನ ಯಾರೋ ಮನೆ ಮೇಲೆ ಕಲ್ಲು ಒಗೆಯತೊಡಗಿದರು. ಟಣ್ ಅಂತ ಒಂದು, ಸ್ವಲ್ಪ ಹೊತ್ತು ಬಿಟ್ಟು ಟಣ್ ಅಂತ ಇನ್ನೊಂದು. ಕಸಬರಿಗೆ ಹಿಡಿದು ಹೊರಗೆ ಬಂದೆ. ಓಣಿಯಲ್ಲಿ ನರಪಿಳ್ಳೆ ಇಲ್ಲ. ಎದುರು ಮನೆಯ ಕಟ್ಟೆಯ ನೆರಳಲ್ಲಿ ನನ್ನಂಥದೇ ಮುದುಕಿಯೊಬ್ಬಳು ಜೋಳ ಹಸನು ಮಾಡುತ್ತಿದ್ದಳು.

"ಯಾರನ್ನ ಹೊಡ್ಯಾಕ ಹೊಂಟೀ ಅಕ್ಕಾ?"

"ಕಲ್ಲು ಒಗ್ಯಾವರನ್ನ."

"ಹಂಗಾದ್ರ ಸೂರ್ಯಾಗ ಹೊಡಿ. ಪತ್ರಾಸ್ ಕಾದು ಸಪ್ಪಳ ಮಾಡಾಕತ್ತೈತಿ."

ಛಾವಣಿಗೆ ಹೊದಿಸುವ ತಗಡಿಗೆ ಇಲ್ಲಿ ಪತ್ರಾಸ್ ಅನ್ನುತ್ತಾರೆ. ಹೇಳಿದವಳು ಹುಸೇನಬಿ. ಹೊಸ ಊರಿನಲ್ಲಿ ನಾನು ಕಲಿತ ಮೊದಲ ಮಾತು ಅದು.

ನಮ್ಮೂರು ಮುದ್ದೇಬಿಹಾಳದ ಆಚೆ, ಹೊಳೆಸಾಲಿನಲ್ಲಿ. ಮಗಳು ನೀಲವ್ವನಿಗೆ ಇಂಡಿಯ ದವಾಖಾನೆಯಲ್ಲಿ ಆಯಾ ಕೆಲಸ. ಅಳಿಯ ಲಾರಿ ಮೇಲೆ ಇರುತ್ತಾನೆ, ಹೆದ್ದಾರಿಯ ಮೇಲಿನ ಝಳಕಿಯಲ್ಲಿ ಇಳಿದು ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬರಗಾಲದಲ್ಲಿ ಸರ್ಕಾರ ಕೊಟ್ಟ ಕಲ್ಲು ಒಡೆಯುವ ಕೆಲಸ ಮುಗಿದ ಮರುವರ್ಷ, ಅವರ ಐದು ತಿಂಗಳ ಕೂಸನ್ನು ನೋಡಿಕೊಳ್ಳಲು ನಾನು ಬಂದೆ. ಸಾಕಿದ ಬೆಕ್ಕನ್ನೂ ತಂದೆ. ಬುಟ್ಟಿಯಲ್ಲಿ ಹಾಕಿ, ಮೇಲೆ ಹಳೆ ಸೀರೆ ಬಿಗಿದು, ಬಾಗೇವಾಡಿ, ಮನಗೂಳಿ ದಾಟಿಸಿದೆ. ಬೆಕ್ಕಿಗೆ ದಾರಿ ಕಾಣಿಸಬಾರದು, ಕಂಡರೆ ತಿರುಗಿ ಹೋಗುತ್ತದೆ ಅಂತ ನಮ್ಮ ಕಡೆ ನಂಬಿಕೆ.

"ಬುಟ್ಯಾಗ ಏನೈತಿ ಆಯಿ?" ಅಂದ ಕಂಡಕ್ಟರ್.

"ಮೊಸರು."

ಬುಟ್ಟಿ ಮ್ಯಾಂವ್ ಅಂದಿತು.

"ಭಾಳ ಹುಳಿ ಆಗೈತಿ ನಿನ್ನ ಮೊಸರು," ಅಂದ. ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ಬೆಕ್ಕು ಬಸುರಿ, ಅದರ ಚಿಂತೆ ನನಗೆ.

ನಮ್ಮೂರಿನ ಮನೆಗೆ ಮೊಳಕ್ಕಿಂತ ದಪ್ಪ ಗೋಡೆ, ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ಬೇಸಿಗೆಯಲ್ಲಿ ಹೊತ್ತು ಏರುವ ಮೊದಲೇ ಬಾಗಿಲು ಹಾಕಿ, ಬೆಳಕಿಂಡಿ ಮುಚ್ಚಿಬಿಟ್ಟರೆ ಒಳಗಿನ ತಂಪು ಒಳಗೇ ಉಳಿಯುತ್ತದೆ. ಚಳಿಯಲ್ಲಿ ಎಮ್ಮೆಯನ್ನು ಒಳಗೇ ಕಟ್ಟುತ್ತೇವೆ, ಅದರ ಉಸಿರಿಗೇ ಮನೆ ಬೆಚ್ಚಗಿರುತ್ತದೆ. ಮಳೆಗಾಲದ ಮೊದಲು ಮಾಳಿಗೆಗೆ ನೀರು ಇಳಿಯಗೊಡದ ಕರಲು ಮಣ್ಣು ಹಾಕಿ ತುಳಿಯಬೇಕು. ಬೆಕ್ಕು ಮಾಳಿಗೆಯ ಮಣ್ಣು ಕೆದರಿ ತನ್ನ ಕೆಲಸ ಮುಗಿಸುತ್ತದೆ, ನಾಯಿ ಗುಂಡಿ ತೋಡಿ ಮಲಗುತ್ತದೆ. ಆ ಕುಳಿಗಳನ್ನು ನೋಡಿ ಮುಚ್ಚದಿದ್ದರೆ ಮೊದಲ ಮಳೆ ನೇರ ಒಲೆಯ ಮೇಲೆ. ಸಾಕಿದವರು ಆಗಾಗ ಮಾಳಿಗೆ ಹತ್ತಲೇಬೇಕು. ಮನೆ ಕಾಯುವುದು ಅಂದರೆ ನನಗೆ ಗೊತ್ತಿದ್ದದ್ದು ಇಷ್ಟು.

ಆ ಗೊತ್ತಿದ್ದದ್ದನ್ನೇ ಇಲ್ಲೂ ಮಾಡಿದೆ. ನೀಲವ್ವ ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿದೆ, ಕಿಟಕಿ ಹಾಕಿದೆ, ಪತ್ರಾಸಿನ ಸಂದಿಗೆಲ್ಲ ಚಿಂದಿ ತುರುಕಿದೆ. ಹೊಸ ಊರಿಗೆ ತಂದ ಬೆಕ್ಕನ್ನು ಕೆಲವು ದಿನ ಒಳಗೇ ಕೂಡಿಹಾಕುವುದೂ ನಮ್ಮ ಪದ್ಧತಿ. ಕೂಸು ತೊಟ್ಟಿಲಲ್ಲಿ, ಬೆಕ್ಕು ಬಾಗಿಲ ಬಳಿ, ನಾನು ನಡುವೆ. ಬೆಕ್ಕು ಬಾಗಿಲು ಕೆರೆಯಿತು. ಊರು ನೆನೆಸಿಕೊಂಡಿದೆ ಅಂದುಕೊಂಡೆ. ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟಿತು. ಆಮೇಲೆ ಒದರತೊಡಗಿತು. "ಸುಮ್ಮನಿರ," ಅಂತ ಗದರಿಸಿದೆ. ನನಗೂ ತಲೆ ಗಿಮ್ಮೆನ್ನುತ್ತಿತ್ತು. ನಿದ್ದೆ ಬರುತ್ತಿದೆ ಅಂದುಕೊಂಡು ಗೋಡೆಗೆ ಒರಗಿದೆ.

ಬಾಗಿಲು ಬಡಿದ ಸಪ್ಪಳಕ್ಕೆ ಎದ್ದೆ.

"ಬೆಕ್ಕನ್ನ ಕೊಲ್ಲಾಕತ್ತೀಯೇನ ಬೇ? ಓಣಿ ತುಂಬ ಕೇಳಸಾಕತ್ತೈತಿ!"

ಚಿಲಕ ತೆಗೆದೆ. ಬೆಕ್ಕು ಅವಳ ಕಾಲ ಸಂದಿಯಲ್ಲಿ ಓಡಿಹೋಯಿತು. ಒಳಗಿನ ಝಳ ಮುಖಕ್ಕೆ ಬಡಿದು ಹುಸೇನಬಿ ಒಂದು ಹೆಜ್ಜೆ ಹಿಂದೆ ಸರಿದಳು, ಮರುಗಳಿಗೆಗೆ ನನ್ನನ್ನು ಸರಿಸಿ ತೊಟ್ಟಿಲಿಗೇ ಹೋದಳು. ಕೂಸು ಅಳುತ್ತಿರಲಿಲ್ಲ. ಕಣ್ಣು ಅರೆ ತೆರೆದಿತ್ತು, ಮೈ ಒಲೆಯ ಕಲ್ಲಿನಂತೆ ಸುಡುತ್ತಿತ್ತು. ಅವಳು ಅದನ್ನು ಎತ್ತಿಕೊಂಡು ತನ್ನ ಮನೆಗೆ ಓಡಿದಳು. ಅವಳದು ಮಾಳಿಗೆ ಮನೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ಊರಿಗೇ ಹೋದ ಹಾಗಾಯಿತು. ಒದ್ದೆ ಬಟ್ಟೆಯಿಂದ ಮೈ ಒರೆಸಿದಳು, ತುಟಿ ತೋಯಿಸಿದಳು. ಬಹಳ ಹೊತ್ತಿನ ಮೇಲೆ ಕೂಸು ಬಾಯಿ ತೆರೆದು ಅತ್ತಿತು.

"ಮಾಳಿಗಿ ಮನ್ಯಾಗ ಮಾಡಿದಂಗ ಪತ್ರಾಸ್ ಮನ್ಯಾಗ ಮಾಡಬ್ಯಾಡಕ್ಕಾ," ಅಂದಳು ಹುಸೇನಬಿ. "ಮಣ್ಣು ಬಿಸಿಲ ತಡೀತೈತಿ. ಪತ್ರಾಸ್ ಒಳಗ ಇಳಸ್ತೈತಿ. ನೀ ಮುಚ್ಚಿದ್ರ ಅದು ಹೊರಗ ಹೋಗೂದು ಹೆಂಗ?"

ಸಂಜೆ ನೀಲವ್ವನಿಗೆ ನಾನೇ ಹೇಳಿದೆ. ಕೂಸನ್ನು ಎದೆಗೆ ಹಾಕಿಕೊಂಡು ಅದರ ಹಣೆ, ಅಂಗಾಲು ಮುಟ್ಟಿ ನೋಡಿದಳು.

"ಯವ್ವಾ, ಬೆಕ್ಕಿಗಿದ್ದಷ್ಟೂ ಬುದ್ಧಿ ನಿನಗ ಇರಲಿಲ್ಲೇನು?"

"ಇರಲಿಲ್ಲ," ಅಂದೆ.

ಆಮೇಲೆ ಪತ್ರಾಸಿನ ಮೇಲೆ ಜೋಳದ ಒಣದಂಟಿನ ಕಣಿಕೆ ದಪ್ಪಗೆ ಹಾಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿದೆವು. ಕಿಟಕಿ ತೆರೆದು ಒದ್ದೆ ಗೋಣಿತಟ್ಟು ಇಳಿಬಿಟ್ಟೆವು. ಗಾಳಿ ಬೀಸಿದರೆ ಒಳಗೆ ತಂಪು. ಆದರೆ ಗೋಣಿಗೆ ನೀರು ಹಾಕುವಾಗ ನನ್ನ ಕೈ ಹಿಂಜರಿಯುತ್ತಿತ್ತು. ನಮ್ಮೂರಲ್ಲಿ ಹೊಳೆ ಮನೆಯ ಹಿಂದೆಯೇ ಇತ್ತು. ಇಲ್ಲಿ ಒಂದು ಕೊಡಕ್ಕೆ ಬಾವಿಯ ಮುಂದೆ ಪಾಳಿ ಹಚ್ಚಬೇಕು. ಜನ ಕುಡಿಯುವ ನೀರನ್ನು ನಾನು ಗೋಣಿಗೆ ಕುಡಿಸುತ್ತಿದ್ದೆ. ಅರಿವೆ ಒಗೆದ ನೀರು ಹಾಕಿ ನೋಡಿದೆ, ಮನೆಯೆಲ್ಲ ನಾರಿತು.

ಓಡಿಹೋಗಿ ಸಂಜೆ ತಾನೇ ತಿರುಗಿ ಬಂದಿದ್ದ ಬೆಕ್ಕಿನದೂ ಕಾಟ. ಗೋಣಿಗೆ ಉಗುರು ಮಸೆದು ಎಳೆ ಬಿಡಿಸುತ್ತಿತ್ತು. ಅದರ ಕೂದಲು ಒದ್ದೆ ಗೋಣಿಗೆ ಹತ್ತಿ, ಧೂಳೂ ಸೇರಿ, ಗಾಳಿ ಬರುವ ಕಿಂಡಿಗಳೆಲ್ಲ ಕಟ್ಟಿಕೊಳ್ಳುತ್ತಿದ್ದವು. ಎರಡು ಗೋಣಿ ಇಟ್ಟುಕೊಂಡೆ. ಒಂದನ್ನು ಕಟ್ಟಿದಾಗ ಇನ್ನೊಂದನ್ನು ಬಡಿದು, ತೊಳೆದು, ಬಿಸಿಲಿಗೆ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಗೋಣಿ ಬದಲಿಸಲು ಹೋದರೆ ಕಿಟಕಿಯ ಕಟ್ಟೆ ಮೇಲೆ ಬೆಕ್ಕು ಮೂರು ಮರಿ ಹಾಕಿಕೊಂಡು ಮಲಗಿತ್ತು. ಮನೆಯಲ್ಲೆಲ್ಲ ತಂಪಾದ ಜಾಗ ಅದೊಂದೇ. ಕೂಸಿನ ತೊಟ್ಟಿಲು ಕಟ್ಟಿದ್ದೂ ಅದರ ಮುಂದೆಯೇ. ಗೋಣಿ ತೋಯಿಸಿದರೆ ಮರಿಗಳ ಮೇಲೆ ನೀರು, ತೋಯಿಸದಿದ್ದರೆ ಕೂಸಿಗೆ ಬಿಸಿಗಾಳಿ. ಕೂಸಿನ ಮೈ ಸುಟ್ಟ ಆ ಮಧ್ಯಾಹ್ನದಿಂದ ಅದರ ಮೇಲೆ ಸಣ್ಣ ಗುಳ್ಳೆ ಎದ್ದರೂ ನನಗೆ ಹೆದರಿಕೆ. ಬಹಳ ವಿಚಾರ ಮಾಡಲಿಲ್ಲ. ಮರಿಗಳನ್ನು ಸೆರಗಿನಲ್ಲಿ ಎತ್ತಿ ಬಾಗಿಲ ಹಿಂದಿನ ಬುಟ್ಟಿಯಲ್ಲಿಟ್ಟೆ. ಬೆಕ್ಕು ಅವನ್ನು ತಿರುಗಿ ಕಿಟಕಿಗೆ ತಂದಿತು. ಮತ್ತೆ ಇಳಿಸಿದೆ, ಮತ್ತೆ ತಂದಿತು. ಹೊತ್ತು ನೆತ್ತಿಗೆ ಬಂದಾಗ ಕಸಬರಿಗೆ ಎತ್ತಿದೆ.

ಅದು ನನ್ನನ್ನು ನೋಡಿತು. ಆ ದಿನ ಒದರಿ ಓಣಿಗೆ ಸುದ್ದಿ ಮುಟ್ಟಿಸಿದ್ದು ಅದು. ಅದು ಬಾಯಿ ಮಾಡದಿದ್ದರೆ ತೊಟ್ಟಿಲು ಇರುತ್ತಿತ್ತು, ಅದರೊಳಗೆ ಕೂಸು ಇರುತ್ತಿರಲಿಲ್ಲ. ಇದು ಗೊತ್ತಿದ್ದೂ ನಾನು ಕಸಬರಿಗೆ ಇಳಿಸಲಿಲ್ಲ. ಬೆಕ್ಕು ಉರಿಬಿಸಿಲಲ್ಲಿ ಒಂದೊಂದೇ ಮರಿಯ ಕುತ್ತಿಗೆ ಕಚ್ಚಿಕೊಂಡು, ಸುಡುವ ಓಣಿ ದಾಟಿ, ಹುಸೇನಬಿಯ ಮನೆ ಸೇರಿತು.

"ಬಂದಳವ್ವಾ ನಿನ್ನ ಮಗಳು, ಬಾಣಂತನಕ್ಕ!" ಅಂತ ಹುಸೇನಬಿ ಅಲ್ಲಿಂದಲೇ ಕೂಗಿದಳು. "ತವರುಮನಿ ಚಲೋ ಇದ್ದಿದ್ರ ನನ್ನ ಮನಿಗೆ ಯಾಕ ಬರ್ತಿದ್ದಳು?"

ಅವಳಿಗೆ ಚೇಷ್ಟೆ. ಕಸಬರಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಈಗ ಮಳೆಗಾಲ ಹತ್ತಿರ ಬಂದಿದೆ. ಹುಸೇನಬಿಯ ಮಾಳಿಗೆಗೆ ಮಣ್ಣು ಹಾಕಲು ನಾನೂ ಹತ್ತುತ್ತೇನೆ. ನಮ್ಮ ಬೆಕ್ಕು ತೋಡಿದ ಗುಂಡಿಗಳನ್ನು ನಾನೇ ಹುಡುಕಿ ಮುಚ್ಚಿ ತುಳಿಯುತ್ತೇನೆ. ಮೊನ್ನೆ ನಮ್ಮೂರಿನವರು ಸಂತೆಯಲ್ಲಿ ಸಿಕ್ಕಿದ್ದರು. ನಮ್ಮ ಮಾಳಿಗೆಯ ಮೇಲೆ ಹುಲ್ಲು ಬೆಳೆದಿದೆಯಂತೆ, ನಾಯಿಗಳು ಅಲ್ಲೇ ಮಲಗುತ್ತವಂತೆ. ಊರಿಗೆ ಹೋದರೆ ಇಲ್ಲಿ ಗೋಣಿಗೆ ನೀರು ಹಾಕುವವರಿಲ್ಲ. ಇಲ್ಲೇ ಇದ್ದರೆ ಅಲ್ಲಿ ಮಣ್ಣು ತುಳಿಯುವವರಿಲ್ಲ. ಕಾಲು ಇಲ್ಲಿಯ ಮಾಳಿಗೆ ತುಳಿಯುವಾಗ ಕಣ್ಣಿಗೆ ಅಲ್ಲಿಯ ಮಾಳಿಗೆ ಕಾಣುತ್ತದೆ.

ದೀಪ ಹಚ್ಚುವ ಹೊತ್ತಿಗೆ ಬೆಕ್ಕು ನಮ್ಮ ಹೊಸ್ತಿಲಿಗೆ ಬರುತ್ತದೆ. ತೆಂಗಿನ ಪರಟೆಯಲ್ಲಿ ಹಾಲು ಇಟ್ಟಿರುತ್ತೇನೆ. ಕುಡಿಯುತ್ತದೆ, ತಲೆ ಎತ್ತಿ ಕಿಟಕಿಯನ್ನು ನೋಡುತ್ತದೆ, ಒಳಗೆ ಮಾತ್ರ ಕಾಲಿಡುವುದಿಲ್ಲ. ನೀಲವ್ವ, "ಕರಿಯಬೇ ಯವ್ವಾ, ನೀ ಕರದ್ರ ಬರ್ತೈತಿ," ಅನ್ನುತ್ತಾಳೆ.

ಯಾವ ಬಾಯಿಂದ ಕರೆಯಲಿ?