ದೋನ್ ಕ್ರಿಸ್ಪಿನ್ ಹೊತ್ತು ತಂದ ಲಕೋಟೆ

ಹಿರಿಯನೆಂದು ನಾವೆಲ್ಲ ದೋನ್ ಎನ್ನುವ ಕ್ರಿಸ್ಪಿನ್, ವರ್ಷಕ್ಕೊಂದರಂತೆ ಇಪ್ಪತ್ತೊಂದು ಲಕೋಟೆಗಳನ್ನು ಕೆನಡಾದಿಂದ ಮೆಕ್ಸಿಕೋಗೆ ಹೊತ್ತು ತಂದವನು. ಒಂದನ್ನೂ ಒಡೆದು ನೋಡಿದವನಲ್ಲ. ಹಂಗಾಮು ಮುಗಿದಾಗ ಅಲ್ಲಿಯ ಧಣಿ, ಕೂಲಿಗೆ ಹೋದ ನಮ್ಮ ಒಬ್ಬೊಬ್ಬರ ಬಗ್ಗೆಯೂ ನಾಲ್ಕು ಮಾತು ಬರೆದು, ಅಂಟು ಹಚ್ಚಿ, ನಮ್ಮ ಕೈಗೇ ಕೊಡುತ್ತಾನೆ. ಅದನ್ನು ನಮ್ಮ ರಾಜಧಾನಿಯ ಕಾರ್ಮಿಕ ಕಚೇರಿಗೆ ಹಾಗೇ ಒಪ್ಪಿಸಬೇಕು. ಒಡೆದರೆ ಪಟ್ಟಿಯಿಂದ ಹೆಸರು ಹೋಯಿತೆಂದೇ ಲೆಕ್ಕ. ನಮ್ಮ ತೀರ್ಪನ್ನು ನಾವೇ ಹೊರಬೇಕು, ಓದಬಾರದು. ಇಂಥದ್ದು ಹೊಳೆದ ತಲೆಗೆ ಏನು ಹೇಳೋಣ.

ಕೆನಡಾದ ಗಾಜಿನಮನೆಗಳಲ್ಲಿ ಟೊಮ್ಯಾಟೊ ಕೀಳಲು ಜನರಿಲ್ಲ. ಅದಕ್ಕೇ ನಾವು ಬೇಕು, ಎಂಟು ತಿಂಗಳ ಮಟ್ಟಿಗೆ. ಪರವಾನಗಿಯ ಮೇಲೆ ಒಬ್ಬನೇ ಧಣಿಯ ಹೆಸರು. ರಸ್ತೆಯಾಚೆಯ ಗಾಜಿನಮನೆಯಲ್ಲಿ ದುಡಿದರೆ ನಾವು ಕಳ್ಳರು. ಧಣಿ ಹೆಸರು ಹಿಡಿದು ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆಗಸ್ಟಿನಲ್ಲಿ ಕ್ರಿಸ್ಪಿನ್ ಬಳ್ಳಿಸಾಲುಗಳ ನಡುವೆ ಓಡುವ ಏಣಿಗಾಡಿಯಿಂದ ಬಿದ್ದ. ಬಲಭುಜ ಕೆಟ್ಟಿತು. ನೋಡಿದವನು ಪಕ್ಕದ ಸಾಲಿನ ನಾನೊಬ್ಬನೇ.

"ಧಣಿಗೆ ಹೇಳು ಮಾರಾಯ. ಡಾಕ್ಟರ ಹತ್ರ ಕರ್ಕೊಂಡೋಗ್ತಾನೆ" ಎಂದೆ.

"ಕರ್ಕೊಂಡೋಗ್ತಾನೆ. ಹಂಗೇ ವಿಮಾನಾನೂ ಹತ್ತಿಸ್ತಾನೆ. ಹೋದ್ವರ್ಷ ಬೆನ್ನು ಹಿಡ್ಕೊಂಡು ಹೋದ ಪುವೆಬ್ಲಾ ಕಡೆಯವ್ನಿಗೆ ಮತ್ತೆ ಕರೆ ಬಂತಾ? ಯೆಸೇನಿಯಾದು ಇನ್ನೆರಡು ವರ್ಷ ಓದು ಇದೆ. ಅಲ್ಲೀವರ್ಗೂ ಈ ಭುಜ ನಂದಲ್ಲ."

ಯೆಸೇನಿಯಾ ಅವನ ಮಗಳು, ನರ್ಸಿಂಗ್ ಓದುತ್ತಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡೆ. ಅಷ್ಟೇ ಅಲ್ಲ, ಕೈಯೆತ್ತಿ ಬಳ್ಳಿಗೆ ದಾರ ಸುತ್ತುವ ಅವನ ಕೆಲಸವನ್ನೂ ಮೂರು ತಿಂಗಳು ನಾನೇ ಮಾಡಿದೆ; ಕೆಳಗಿನ ಹಣ್ಣನ್ನು ಅವನು ಎಡಗೈಯಲ್ಲಿ ಕಿತ್ತ. ಧಣಿ ಹತ್ತಿರ ಬಂದರೆ ನನ್ನನ್ನು ಎಚ್ಚರಿಸಲು ಕ್ರಿಸ್ಪಿನ್ ಶಿಳ್ಳೆ ಹಾಕುತ್ತಿದ್ದ. ಇದನ್ನೆಲ್ಲ ಸ್ನೇಹವೆಂದುಕೊಂಡಿದ್ದೆ. ಈಗ ನಾಚಿಕೆಯಾಗುತ್ತದೆ.

ಹೊರಡುವ ದಿನ ಧಣಿ ಲಕೋಟೆ ಕೊಟ್ಟು, "ನೀನು ನಮ್ಮನೆಯವನೇ ಕಣೋ" ಎಂದು ಅವನನ್ನು ಬಿಗಿದಪ್ಪಿದ. ಕ್ರಿಸ್ಪಿನ್‌ನ ಕಣ್ಣಲ್ಲಿ ನೀರು ಬಂತು. ಪ್ರೀತಿಯ ನೀರೆಂದು ಧಣಿ ಹಿಗ್ಗಿದ.

"ಬೀನ್ಸ್ ಬೇಯ್ತಾ ಇದೆಯಲ್ಲ, ಹಬೆಗೆ ಹಿಡಿ. ಅಂಟು ತಾನೇ ಬಿಡತ್ತೆ" ಎಂದು ಬಿಡಾರದಲ್ಲಿ ಹುಡುಗರು ಕೆಣಕಿದರು. ಕ್ರಿಸ್ಪಿನ್ ಲಕೋಟೆಯನ್ನು ಅಂಗಿಯೊಳಗೆ ಇಟ್ಟುಕೊಂಡ.

ಮೆಕ್ಸಿಕೋದಲ್ಲಿ ಇಳಿದು ಕಚೇರಿಗೆ ಹೋಗುವ ಬಸ್ಸಿನಲ್ಲಿ ಮೆಲ್ಲಗೆ ಅಂದ: "ಇವನು ಬೇಡ ಅಂತ ಧಣಿ ಬರ್ದಿರ್ಲಿ ಅನ್ಸತ್ತೆ. ನಾನಾಗೇ ಬಿಡಕ್ಕಾಗಲ್ಲ. ಅವನೇ ಬಿಡಿಸಿದ್ರೆ ತಲೆಯೆತ್ತಿ ಮಗಳ ಮುಖ ನೋಡ್ಬೋದು."



ಕಚೇರಿಯ ಗುಮಾಸ್ತೆ ಲಕೋಟೆ ಒಡೆದು ಓದಿದಳು. "ಅತ್ಯುತ್ತಮ ಕೆಲಸಗಾರ. ಒಮ್ಮೆಯೂ ದೂರಿದವನಲ್ಲ. ಬರುವ ವರ್ಷವೂ ಇವನೇ ಬೇಕು." ಕಾಗದ ಮಡಚಿ ತಲೆಯೆತ್ತಿದಳು. "ಪುಣ್ಯವಂತ್ರು ಬಿಡಿ ನೀವು. ಪೆಟ್ಟು, ಕಾಯಿಲೆ ಏನಾದ್ರೂ?"

ಅವನ ಹಿಂದೆ ನಿಂತಿದ್ದ ನಾನು ಹೇಳಿಯೇಬಿಡೋಣವೆಂದು ಬಾಯಿ ತೆರೆದೆ. ಅವನು ತಿರುಗದೆಯೇ ಎಡಗೈ ಹಿಂದೆ ಚಾಚಿ ನನ್ನ ಅಂಗಿ ಹಿಡಿದ.

"ಏನಿಲ್ಲಮ್ಮ."

ಅದೇ ಕೈಯಲ್ಲಿ ಪೆನ್ನು ತೆಗೆದುಕೊಂಡು ಸೊಟ್ಟಗೆ ಸಹಿ ಹಾಕಿದ.

"ಎಡಚರಾ?"

"ಹುಟ್ದಾಗಿಂದ."

ಮುಂದಿನ ಸರದಿ ನನ್ನದು. ಇದೇ ಕೊನೆಯ ವರ್ಷ, ಇನ್ನು ಊರಲ್ಲೇ ಇರುವುದೆಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದೆ. ಆದರೂ ಲಕೋಟೆ ಚಾಚುವಾಗ, ಅದೇ ಧಣಿ ನನ್ನನ್ನೂ ಕರೆದಿರಲಿ ಎಂದು ಬೇಡಿಕೊಂಡೆ. ನಾನು ಹೋಗದಿದ್ದರೆ ಅವನ ಬಳ್ಳಿಗಳಿಗೆ ದಾರ ಸುತ್ತುವವರು ಯಾರು.